ಹಸಿರು ದೀಪದ ಕೂಸು

ಹೆರಿಗೆ ನೋವು ಶುರುವಾಗಿ ಹತ್ತು ನಿಮಿಷ ಆಗುವಷ್ಟರಲ್ಲಿ, ಹೊಟ್ಟೆಯೊಳಗಿನ ಕೂಸು ಹೊರಗೆ ಬಂದ ಕೂಡಲೇ ಅಳುತ್ತದೋ ಇಲ್ಲವೋ ಎಂದು ಹೇಳಿಬಿಡುವ ಪಟ್ಟಿಯೊಂದು ಆ ಜಿಲ್ಲೆಗೆ ಬಂದು ನಾಲ್ಕನೆಯ ವರ್ಷ ನಡೆಯುತ್ತಿತ್ತು. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು 'ಮುನ್ನರಿವು'. ನರ್ಸುಗಳ ಬಾಯಲ್ಲಿ ಬರೀ 'ಪಟ್ಟಿ'. ಮೂರು ಬೆರಳಗಲದ ಬಟ್ಟೆ, ಅದರ ಒಳಮೈಗೆ ಅಂಗಿಗುಂಡಿಯಂಥ ಹನ್ನೆರಡು ಕಿವಿಗಳು. ಬಸುರಿಯ ಹೊಟ್ಟೆಗೆ ಸುತ್ತಿ ಕಟ್ಟಿದರೆ ಅದು ಕೂಸಿನ ಎದೆಬಡಿತ ಕೇಳುತ್ತಿತ್ತು, ಹೊಕ್ಕುಳಬಳ್ಳಿಯಲ್ಲಿ ರಕ್ತ ಹರಿಯುವ ಸದ್ದು ಕೇಳುತ್ತಿತ್ತು. ನೋವು ಬಂದಾಗ ಬಡಿತ ಎಷ್ಟು ಕುಗ್ಗಿತು, ನೋವು ಹೋದ ಮೇಲೆ ಎಷ್ಟು ಬೇಗ ಚೇತರಿಸಿಕೊಂಡಿತು ಎಂಬುದನ್ನು ಹಿಂದೆ ಆಗಿಹೋದ ಮೂರು ಲಕ್ಷ ಹೆರಿಗೆಗಳ ಜೊತೆ ಹೋಲಿಸಿ ನೋಡುತ್ತಿತ್ತು. ಮಂಚದ ತಲೆಯ ಕಡೆಗಿದ್ದ ದೀಪ ಹಸಿರಾದರೆ ಹೆರಿಗೆ ಇಲ್ಲೇ ಆಗಬಹುದು. ಕೆಂಪಾದರೆ ಆಂಬುಲೆನ್ಸು ಕರೆಸಿ ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು.

ಆ ಪಟ್ಟಿಗೆ ಕೇಳುವುದನ್ನು ಕಲಿಸಿದವರಲ್ಲಿ ನೀಲಾಂಬಿಕಾ ಒಬ್ಬಳು. ಹದಿನೆಂಟು ವರ್ಷ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ದುಡಿದ ನರ್ಸು ಅವಳು. ಮೊದಲಿನಿಂದಲೂ ಅವಳಿಗೊಂದು ಅಭ್ಯಾಸವಿತ್ತು. ಪ್ರತಿ ಹೆರಿಗೆ ಮುಗಿದ ಮೇಲೆ, ಕೈ ತೊಳೆದುಕೊಂಡು ಬಂದು, ನೂರು ಹಾಳೆಯ ನೋಟುಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತಿದ್ದಳು. ಕೂಸು ಎಷ್ಟು ಹೊತ್ತಿಗೆ ಅತ್ತಿತು, ಮೈ ಬಣ್ಣ ಹೇಗಿತ್ತು, ಉಸಿರು ಕೊಡಬೇಕಾಯಿತೇ, ಅದಕ್ಕೆ ಮೊದಲು ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟಾಗ ತನಗೆ ಏನನ್ನಿಸಿತ್ತು. ಅಂಥ ಹನ್ನೊಂದು ಪುಸ್ತಕಗಳಿದ್ದವು. ಮುನ್ನರಿವು ಯೋಜನೆಯ ಮುಖ್ಯಸ್ಥ ಡಾಕ್ಟರ್ ಶ್ರೀವತ್ಸ ಮೊದಲ ಸಲ ಜಿಲ್ಲೆಗೆ ಬಂದಾಗ ಆ ಪುಸ್ತಕಗಳನ್ನು ಇಡೀ ದಿನ ಕೂತು ಓದಿದರು. "ನೀಲಾಂಬಿಕಾ ಅವರೇ, ನಮ್ಮ ಯಂತ್ರಕ್ಕೆ ಬೇಕಾಗಿದ್ದ ಗುರು ನೀವೇ" ಎಂದರು. ಆಮೇಲೆ ಎರಡು ವರ್ಷ ಅವಳು ಮಾಡಿಸಿದ ಪ್ರತಿಯೊಂದು ಹೆರಿಗೆಯನ್ನೂ ಯಂತ್ರ ಪಕ್ಕದಲ್ಲಿದ್ದು ಕೇಳಿಸಿಕೊಂಡಿತು.

ಪಟ್ಟಿ ಗೆದ್ದಿತು. ಮೊದಲೆಲ್ಲ ಸಣ್ಣ ಆಸ್ಪತ್ರೆಯಲ್ಲಿ ಕೂಸು ನೀಲಿಗಟ್ಟಿ ಹುಟ್ಟಿದ ಮೇಲೆ ಓಡಾಟ ಶುರುವಾಗುತ್ತಿತ್ತು. ಈಗ ಅಂಥ ಕೂಸುಗಳು ಹುಟ್ಟುವ ಮುಂಚೆಯೇ ದೊಡ್ಡ ಆಸ್ಪತ್ರೆ ಸೇರಿರುತ್ತಿದ್ದವು. ನಾಲ್ಕು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಜೀವ ಉಳಿದಿವೆ ಎಂದು ಲೆಕ್ಕ ಹೇಳುತ್ತಿತ್ತು. ಹಸಿರು ತೋರಿಸಿ ಪಟ್ಟಿ ತಪ್ಪುತ್ತಿದ್ದುದು ಎರಡೂವರೆ ಸಾವಿರಕ್ಕೆ ಒಂದು ಸಲ. ನೀಲಾಂಬಿಕಾ ಬಡ್ತಿ ಪಡೆದು ಜಿಲ್ಲಾ ಕೇಂದ್ರದ ನಿಯಂತ್ರಣ ಕೊಠಡಿಗೆ ಬಂದಳು. ಅಲ್ಲಿನ ದೊಡ್ಡ ಪರದೆಯ ಮೇಲೆ ಜಿಲ್ಲೆಯ ಎಲ್ಲ ಹೆರಿಗೆ ಮಂಚಗಳೂ ಸಾಲಾಗಿ ಕಾಣುತ್ತಿದ್ದವು. ಯಾವ ನರ್ಸು ಸಹಾಯದ ಗುಂಡಿ ಒತ್ತಿದರೂ ಅವಳ ಕಿವಿಗೆ ನೀಲಾಂಬಿಕಾಳ ದನಿ ಹೋಗುತ್ತಿತ್ತು.

ಆದರೆ ಕೆಂಪು ದೀಪದ ತಾಯಂದಿರೆಲ್ಲ ಒಂದೇ ಕಡೆ ಬರತೊಡಗಿ ಜಿಲ್ಲಾ ಆಸ್ಪತ್ರೆ ತುಂಬಿ ತುಳುಕಿತು. ಕೂಸುಗಳನ್ನು ಬೆಚ್ಚಗಿಡುವ ವಾರ್ಮರುಗಳು ಸಾಲದೆ ಒಂದೊಂದರಲ್ಲಿ ಎರಡೆರಡು ಕೂಸು ಮಲಗಿಸುತ್ತಿದ್ದರು. ಹೊಸದಕ್ಕೆ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಅದೇ ಹೊತ್ತಿಗೆ ಇಪ್ಪತ್ತೆರಡು ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ವಾರ್ಮರುಗಳು ಹದಿನೆಂಟು ತಿಂಗಳಿಂದ ಒಮ್ಮೆಯೂ ಬಳಕೆಯಾಗದೆ ಬಟ್ಟೆ ಹೊದ್ದು ನಿಂತಿದ್ದವು. ಅವನ್ನು ಇತ್ತ ತರಿಸೋಣ ಎಂಬ ಸಲಹೆ ನೀಲಾಂಬಿಕಾಳದೇ. ಪ್ರಸ್ತಾವ ಬರೆದವಳೂ ಅವಳೇ. 'ನವಜಾತ ಶಿಶು ಸೆಟ್, ಇಪ್ಪತ್ತೆರಡು' ಎಂದು ಬರೆದು ಸಹಿ ಹಾಕಿದಳು. ನರ್ಸುಗಳ ಕೊರತೆಯಿದ್ದುದರಿಂದ, ರಬ್ಬರ್ ಗೊಂಬೆಗೆ ಉಸಿರು ಕೊಟ್ಟು ಕಲಿಯುವ ತಿಂಗಳ ತರಬೇತಿಯನ್ನೂ ಅದೇ ಕಾಗದದಲ್ಲಿ ನಿಲ್ಲಿಸಿದಳು.

ಆ ಸಂಜೆ ಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಗಂಡನಿಗೆ ಇದನ್ನೆಲ್ಲ ಹೇಳಿದಳು. ಗಂಡ ಪ್ರಭುಲಿಂಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಒಲೆಯ ಮುಂದೆ ನಿಂತು ಚಪಾತಿ ಬೇಯಿಸುವುದು ಅವನ ಪಾಲಿನ ಕೆಲಸ.

"ನಮ್ಮ ಡಿಪೋದಾಗ ಒಂದು ಬಸ್ಸೈತಿ. ನಾಕು ವರ್ಷ ಆತು, ಪಂಕ್ಚರ್ ಆಗಿಲ್ಲ. ಹಂಗಂತ ಅದರ ಸ್ಟೆಪ್ನಿ ಇಳಿಸಿ ಬ್ಯಾರೆ ಬಸ್ಸಿಗೆ ಹಾಕೀವೇನು?" ಎಂದ ಅವನು.

"ಒಂದೊಂದು ವಾರ್ಮರಿನ್ಯಾಗ ಎರಡೆರಡು ಕೂಸು ಮಲಗ್ಯಾವ್ರಿ. ಬಂದು ನೋಡಿದ್ರ ನೀವು ಹಿಂಗ ಮಾತಾಡ್ತಿದ್ದಿಲ್ಲ."

"ಹಂಗಾದ್ರ ಸರಿ ಬಿಡು. ನಂಗೇನು ತಿಳೀತದ" ಎಂದು ಅವನು ಚಪಾತಿ ತಿರುವಿ ಹಾಕಿದ.

ಅವಳಿಗೆ ನಗು ಬಂತು. ಬಸ್ಸು, ಬಾಣಂತಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾನಲ್ಲ ಎಂದುಕೊಂಡಳು.

ಮುಂದಿನ ವರ್ಷ ಫೆಬ್ರುವರಿಯ ಒಂದು ಮಂಗಳವಾರ, ಮಧ್ಯಾಹ್ನದ ಊಟ ಮುಗಿಸಿ ಅವಳು ಪರದೆಯ ಮುಂದೆ ಬಂದು ಕೂತಿದ್ದಳು. ಬೆಣಚಗಡ್ಡಿ ಎಂಬ ಹೊಳೆದಂಡೆಯ ಊರಿನ ಆರೋಗ್ಯ ಕೇಂದ್ರದಲ್ಲಿ ಮಾಳಮ್ಮ ಎಂಬುವಳಿಗೆ ಎರಡನೆಯ ಹೆರಿಗೆ ನಡೆಯುತ್ತಿತ್ತು. ದೀಪ ಬೆಳಗಿನಿಂದಲೂ ಹಸಿರು. ಅಲ್ಲಿದ್ದ ನರ್ಸು ಎಸ್ತೇರ್, ಇಪ್ಪತ್ತಾರರ ಹುಡುಗಿ, ಮೂರು ವರ್ಷದಿಂದ ಗುತ್ತಿಗೆಯ ಮೇಲೆ ಅಲ್ಲಿದ್ದಳು. ಹೆರಿಗೆಯಾದ ಎಲ್ಲ ಮನೆಗಳಿಗೂ ಸೈಕಲ್ ಮೇಲೆ ಹೋಗಿ ಬರುವವಳು ಎಂದು ನೀಲಾಂಬಿಕಾಳಿಗೆ ಅವಳ ಮೇಲೆ ಅಭಿಮಾನವಿತ್ತು.

ಎರಡು ಗಂಟೆ ನಲವತ್ತೇಳು ನಿಮಿಷಕ್ಕೆ ಕೂಸು ಹುಟ್ಟಿತು. ನಲವತ್ತೆಂಟಕ್ಕೆ ಸಹಾಯದ ಗಂಟೆ ಹೊಡೆಯಿತು.

"ಮೇಡಂ, ಕೂಸು ಅಳವಲ್ದು."

ನೀಲಾಂಬಿಕಾ ಬೆಣಚಗಡ್ಡಿಯ ಚಿತ್ರವನ್ನು ದೊಡ್ಡದು ಮಾಡಿದಳು. ಚಾವಣಿಗೆ ಕೂರಿಸಿದ್ದ ಕ್ಯಾಮೆರಾದಲ್ಲಿ ಎಸ್ತೇರಳ ಬಾಗಿದ ಬೆನ್ನು, ಅದರಾಚೆ ಎರಡು ಪುಟ್ಟ ಕಾಲು ಕಾಣುತ್ತಿದ್ದವು. ಕಾಲು ಅಲುಗುತ್ತಿರಲಿಲ್ಲ.

"ಒಣ ಬಟ್ಟಿಲೆ ಒರಸು. ಬೆನ್ನು ತಿಕ್ಕು."

"ತಿಕ್ಕೀನ್ರಿ. ಮೈ ಜೋಲು ಬಿದ್ದೈತ್ರಿ. ನೀಲಿ ಆಗ್ಲಿಕ್ಕತ್ತೈತ್ರಿ."

"ಹೆದರಬ್ಯಾಡ, ನಾನದೀನಿ. ಬಳ್ಳಿ ಕತ್ತರಿಸಿ ಟೇಬಲ್ ಮ್ಯಾಲೆ ತಗೋ. ಆಂಬು ಬ್ಯಾಗ್ ಹಚ್ಚು."

ಆಂಬು ಬ್ಯಾಗ್ ಅಂದರೆ ಅಂಗೈಯಲ್ಲಿ ಹಿಡಿಸುವ ರಬ್ಬರಿನ ಚೀಲ, ತುದಿಗೊಂದು ಪುಟ್ಟ ಮುಸುಕು. ಕೂಸಿನ ಬಾಯಿ ಮೂಗಿನ ಮೇಲೆ ಮುಸುಕು ಒತ್ತಿ ಚೀಲ ಹಿಚುಕಿದರೆ ಎದೆಯೊಳಗೆ ಗಾಳಿ ಹೋಗುತ್ತದೆ. ಅದಕ್ಕೆ ಕರೆಂಟು ಬೇಡ, ನೆಟ್‌ವರ್ಕ್ ಬೇಡ.

"ಆಂಬು ಬ್ಯಾಗ್ ಇಲ್ರೀ ಮೇಡಂ."

"ಇಲ್ಲಂದ್ರ?"

"ವಾರ್ಮರ್ ಜೋಡಿ ಒಯ್ದಾರ್ರೀ. ಹೋದ ವರ್ಷ. ಸೆಟ್ಟು ಪೂರಾ."

ವಾರ್ಮರಿನ ಕೆಳಗಿನ ತಟ್ಟೆಯಲ್ಲಿ ಆಂಬು ಬ್ಯಾಗ್ ಇರುತ್ತದೆ. ಗೋದಾಮಿನವರ ದಾಖಲೆಯಲ್ಲಿ ಅವೆರಡೂ ಸೇರಿ ಒಂದು ಸೆಟ್. ನೀಲಾಂಬಿಕಾಳ ಮನಸ್ಸಿನಲ್ಲಿ ಇದ್ದದ್ದು ವಾರ್ಮರ್, ಕೈ ಬರೆದದ್ದು ಸೆಟ್. ಅದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಆದರೆ ಹೊಳೆದದ್ದನ್ನು ಹಿಡಿದು ಕೂಡುವಷ್ಟು ಸಮಯ ಇರಲಿಲ್ಲ.

"ಬಾಯಿಲೆ ಕೊಡು. ಕೂಸಿನ ಬಾಯಿ ಮೂಗು ಎರಡೂ ನಿನ್ನ ಬಾಯಾಗ ಹಿಡಿ. ಗಲ್ಲದಾಗಿನ ಗಾಳಿ ಅಷ್ಟ ಊದು. ಜೋರು ಮಾಡಬ್ಯಾಡ."

ಎಸ್ತೇರ್ ಬಾಗಿದಳು. ಎದ್ದು, "ಎದಿ ಏಳವಲ್ದ್ರೀ" ಎಂದಳು. ಅವಳು ಗೊಂಬೆಯ ಮೇಲೆ ಇದನ್ನು ಮಾಡಿದ್ದು ಕಾಲೇಜಿನಲ್ಲಿ ಎರಡು ಸಲ, ಕೆಲಸಕ್ಕೆ ಸೇರಿದ ಮೇಲೆ ಸರದಿ ಬಂದಾಗ ನಾಲ್ಕು ಸಲ. ಆಮೇಲೆ ತರಬೇತಿ ನಿಂತಿತ್ತು. ನಿಜವಾದ ಕೂಸಿಗೆ ಮಾಡುವ ಪ್ರಸಂಗವೇ ಬಂದಿರಲಿಲ್ಲ. ಅಂಥ ಕೂಸುಗಳನ್ನೆಲ್ಲ ಪಟ್ಟಿ ಮುಂಚೆಯೇ ಬೇರೆ ಕಡೆ ಕಳಿಸುತ್ತಿತ್ತಲ್ಲ.

"ತಲಿ ಭಾಳ ಹಿಂದಕ್ಕ ಹೋಗೇತೇನು ನೋಡು. ಹೆಗಲ ಕೆಳಗ ಬಟ್ಟಿ ಮಡಚಿ ಇಡು. ಮೂಗು ನೆಟ್ಟಗ ಮ್ಯಾಲಕ್ಕ ಇರಬೇಕು."

ನೀಲಾಂಬಿಕಾಳ ಎರಡೂ ಕೈ ಮೇಜಿನ ಮೇಲೆ ಗಾಳಿಯಲ್ಲಿ ಆ ತಲೆಯನ್ನು ಸರಿಪಡಿಸುತ್ತಿದ್ದವು. ಅವಳ ಬೆರಳುಗಳಿಗೆ ಆ ಕೋನ ಗೊತ್ತಿತ್ತು, ಅದನ್ನು ಮಾತಿನಲ್ಲಿ ಹೇಳುವುದು ಹೇಗೆಂದು ಗೊತ್ತಾಗಲಿಲ್ಲ. "ಇನ್ನೊಂದೀಟು ಮುಂದಕ್ಕ. ಅಲ್ಲ, ಅಷ್ಟಲ್ಲ. ಈಗ ಊದು."

ನಾಲ್ಕನೆಯ ನಿಮಿಷಕ್ಕೆ ಎದೆ ಎದ್ದಿತು. ಆಮೇಲೆ ಎಸ್ತೇರ್ ನಿಲ್ಲಿಸಲಿಲ್ಲ. ನೀಲಾಂಬಿಕಾ ಎಣಿಸುತ್ತಾ ಹೋದಳು, ಎಸ್ತೇರ್ ಊದುತ್ತಾ ಹೋದಳು. ಹಿಂದೆ ಮಂಚದ ಮೇಲಿಂದ ಮಾಳಮ್ಮ "ಯಾಕ ನರ್ಸಬಾಯಿ, ಯಾಕ ಅಳವಲ್ದು" ಎಂದು ಕೇಳುತ್ತಲೇ ಇದ್ದಳು. ಹನ್ನೊಂದನೆಯ ನಿಮಿಷಕ್ಕೆ ಕೂಸು ತಾನಾಗಿ ಒಂದು ಸಲ ಬಿಕ್ಕಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ತಾಲ್ಲೂಕಿನ ಎರಡೂ ಆಂಬುಲೆನ್ಸುಗಳು ಕೆಂಪು ದೀಪದ ತಾಯಂದಿರನ್ನು ಹೊತ್ತು ಜಿಲ್ಲಾ ಆಸ್ಪತ್ರೆಯ ದಾರಿಯಲ್ಲಿದ್ದವು. ಒಂದು ಹಿಂತಿರುಗಿ ಬೆಣಚಗಡ್ಡಿ ತಲುಪುವಾಗ ಒಂದು ಗಂಟೆ ಇಪ್ಪತ್ತು ನಿಮಿಷ ಕಳೆದಿತ್ತು.

ಹೆಣ್ಣುಕೂಸು. ಬದುಕಿತು. ಎರಡನೆಯ ದಿನ ಫಿಟ್ಸ್ ಬರಲು ಶುರುವಾದವು. ಇಷ್ಟು ಹೊತ್ತು ಉಸಿರಿಲ್ಲದೆ ಮಿದುಳಿಗೆ ಪೆಟ್ಟು ಬಿದ್ದಿದೆ, ಎಷ್ಟು ಎಂಬುದು ಬೆಳೆಯುತ್ತಾ ತಿಳಿಯುತ್ತದೆ ಎಂದರು ಮಕ್ಕಳ ಡಾಕ್ಟರು.

ಹತ್ತು ದಿನಕ್ಕೆ ವಿಚಾರಣೆ ನಿಗದಿಯಾಯಿತು. ಅದರ ಹಿಂದಿನ ದಿನ ಡಾಕ್ಟರ್ ಶ್ರೀವತ್ಸ ನೀಲಾಂಬಿಕಾಳನ್ನು ತಮ್ಮ ಕೋಣೆಗೆ ಕರೆದರು. ಅವರ ಕಣ್ಣು ಕೆಂಪಾಗಿದ್ದವು. ನಿದ್ದೆ ಮಾಡಿದವರ ಹಾಗೆ ಕಾಣಲಿಲ್ಲ.

"ಪಟ್ಟಿಯ ದಾಖಲೆ ಪೂರ್ತಿ ನೋಡಿದೆ. ಎಲ್ಲೂ ದೋಷವಿಲ್ಲ. ಎರಡೂವರೆ ಸಾವಿರಕ್ಕೆ ಒಂದು ಅಂತ ನಾವೇ ಹೇಳಿದ್ದೆವಲ್ಲ, ಆ ಒಂದು ಇದು" ಎಂದರು.

"ಸರ್, ಆಂಬು ಬ್ಯಾಗ್ ಇದ್ದಿದ್ರೆ ಮೊದಲ ನಿಮಿಷದಲ್ಲೇ ಆಗಿಬಿಡ್ತಿತ್ತು. ನನ್ನ ಪ್ರಸ್ತಾವದಲ್ಲಿ ಸೆಟ್ ಅಂತ ಬರೆದಿದ್ದೆ."

"ಗೊತ್ತು. ಅದಕ್ಕೆ ಮಂಜೂರಾತಿ ಕೊಟ್ಟವನು ನಾನು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ನಾಳೆ ನೀವು ಇದನ್ನು ಹೇಳಿದಿರಿ ಅಂತಿಟ್ಟುಕೊಳ್ಳಿ. ಯಂತ್ರ ನಂಬಿ ಜೀವ ಉಳಿಸೋ ಸಾಮಾನು ಕಿತ್ತುಕೊಂಡರು ಅಂತ ಪತ್ರಿಕೆಯವರು ಬರೀತಾರೆ. ಜನ ಪಟ್ಟಿ ಕಟ್ಟಿಸಿಕೊಳ್ಳೋದು ಬಿಡ್ತಾರೆ. ಸರ್ಕಾರ ಯೋಜನೆ ನಿಲ್ಲಿಸುತ್ತೆ. ಆಮೇಲೆ ವರ್ಷಕ್ಕೆ ನೂರು ಕೂಸು ಮತ್ತೆ ಮೊದಲಿನ ಹಾಗೆ ಸಾಯುತ್ತವೆ. ನಾನು ಸುಳ್ಳು ಹೇಳಿ ಅಂತಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ."

ಅವಳಿಗೆ ಆ ಮಾತು ಸರಿ ಅನ್ನಿಸಿತು. ಅಥವಾ ಸರಿ ಅನ್ನಿಸಲಿ ಎಂದು ಅವಳಿಗೇ ಬೇಕಾಗಿತ್ತು. ಇವೆರಡರಲ್ಲಿ ಯಾವುದು ಎಂದು ಅವಳು ಮುಂದೆ ಬಹಳ ಸಲ ಯೋಚಿಸಿದ್ದುಂಟು.

ವಿಚಾರಣೆಗೆ ಮೂವರು ಅಧಿಕಾರಿಗಳಿದ್ದರು. ಎಸ್ತೇರ್ ಮೇಜಿನ ಆ ತುದಿಯಲ್ಲಿ ಬಿಳಿ ಸಮವಸ್ತ್ರ ಇಸ್ತ್ರಿ ಮಾಡಿ ಹಾಕಿಕೊಂಡು ಕೂತಿದ್ದಳು. ಆಂಬು ಬ್ಯಾಗ್ ಇರಲಿಲ್ಲ ಎಂದು ಅವಳು ಹೇಳಿದಾಗ, ಒಬ್ಬ ಅಧಿಕಾರಿ "ಇಲ್ಲದಿದ್ದರೆ ಬೇಕು ಅಂತ ನೀವು ಬರೆದು ಕೊಟ್ಟಿದ್ದೀರಾ?" ಎಂದು ಕೇಳಿದರು. ಅವಳು ಬರೆದು ಕೊಟ್ಟಿರಲಿಲ್ಲ. ಮೇಲಿನವರೇ ಒಯ್ದದ್ದನ್ನು ಮತ್ತೆ ಬೇಕು ಎಂದು ಕೇಳಬಹುದು ಎಂಬುದೇ ಅವಳಿಗೆ ತೋಚಿರಲಿಲ್ಲ.

ಆಮೇಲೆ ಅವರು ನೀಲಾಂಬಿಕಾಳ ಕಡೆ ತಿರುಗಿದರು. "ಈ ಸಿಬ್ಬಂದಿ ಕೂಸಿಗೆ ಉಸಿರು ಕೊಡುವ ತರಬೇತಿ ಪಡೆದಿದ್ದಾರೆಯೇ?"

"ಪಡೆದಿದ್ದಾರೆ ಸರ್. ದಾಖಲೆಯಲ್ಲಿದೆ."

"ನಿಮ್ಮ ಸೂಚನೆ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತೇ?"

"ಕೇಳಿಸುತ್ತಿತ್ತು."

"ಹಾಗಿದ್ದೂ ಎದೆ ಏಳಲು ನಾಲ್ಕು ನಿಮಿಷ ಹಿಡಿಯಿತು."

"ಹೌದು ಸರ್."

ಎಸ್ತೇರ್ ಅವಳನ್ನೇ ನೋಡುತ್ತಿದ್ದಳು. ಇನ್ನೂ ಏನೋ ಹೇಳುತ್ತಾಳೆ ಎಂದು ಕಾಯುವವಳ ನೋಟ ಅದು. ನೀಲಾಂಬಿಕಾ ಎದುರಿಗಿದ್ದ ನೀರಿನ ಲೋಟ ಎತ್ತಿಕೊಂಡು ಕುಡಿದಳು. ಅಧಿಕಾರಿಗಳು ಹಾಳೆ ಮಗುಚಿದರು.

ವಾರದೊಳಗೆ ವರದಿ ಬಂತು. ಸಿಬ್ಬಂದಿಯ ಕೌಶಲ್ಯದ ಕೊರತೆ. ಎಸ್ತೇರಳ ಗುತ್ತಿಗೆ ರದ್ದು.

ಆ ದಿನ ಊಟಕ್ಕೆ ಕೂತಾಗ ಪ್ರಭುಲಿಂಗ, "ಆ ಹುಡುಗಿ ವಿಚಾರ ಏನಾತು?" ಎಂದು ಕೇಳಿದ.

"ತಗದ್ರು."

"ಚೀಲದ ವಿಚಾರ ನೀ ಹೇಳಿದ್ದಿಲ್ಲೇನು?"

"ಅವ್ರು ಕೇಳ್ಲಿಲ್ಲ. ಕೇಳಿದ್ದಕ್ಕ ಉತ್ತರ ಕೊಟ್ಟೀನಿ."

ಅವನು ಬಯ್ಯಲಿಲ್ಲ. ಊಟ ಮುಗಿಸಿ, ತನ್ನ ತಟ್ಟೆ ತಾನೇ ತೊಳೆದಿಟ್ಟು, ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವನು ಹೀಗೆ ಮಾತಿಲ್ಲದೆ ಎದ್ದು ಹೋದದ್ದು ಅವಳಿಗೆ ನೆನಪಿರಲಿಲ್ಲ.

ಅವಳು ಮಾಡಬಹುದಾದದ್ದನ್ನು ಮಾಡಿದಳು. 'ಹೆಚ್ಚುವರಿ ಸುಧಾರಣಾ ಕ್ರಮ' ಎಂದು ತಲೆಬರಹ ಕೊಟ್ಟು, ಇಪ್ಪತ್ತೆರಡು ಕೇಂದ್ರಗಳಿಗೂ ಆಂಬು ಬ್ಯಾಗ್ ವಾಪಸ್ ಕಳಿಸುವ ಆದೇಶ ತಯಾರಿಸಿದಳು. ತಿಂಗಳ ತರಬೇತಿ ಮತ್ತೆ ಶುರು ಮಾಡಿಸಿದಳು. ತಾನೇ ಊರೂರಿಗೆ ಹೋಗಿ, ರಬ್ಬರ್ ಗೊಂಬೆ ಮುಂದಿಟ್ಟುಕೊಂಡು, ನರ್ಸುಗಳ ಕೈ ಹಿಡಿದು ತಲೆಯ ಕೋನ ತೋರಿಸಿದಳು. ಡಾಕ್ಟರ್ ಶ್ರೀವತ್ಸ ಯಾವ ಕಾಗದಕ್ಕೂ ಬೇಡವೆನ್ನಲಿಲ್ಲ. ಏಕೆ ಈಗ ಎಂದು ಯಾರೂ ಕೇಳಲಿಲ್ಲ.

ಅಕ್ಟೋಬರಿನಲ್ಲಿ, ಬೆಣಚಗಡ್ಡಿಯಲ್ಲದ ಇನ್ನೊಂದು ಸಣ್ಣ ಕೇಂದ್ರದಲ್ಲಿ, ಹಸಿರು ದೀಪದ ಕೆಳಗೆ ಮತ್ತೊಂದು ಕೂಸು ಅಳದೆ ಹುಟ್ಟಿತು. ನೀಲಾಂಬಿಕಾ ಪರದೆ ದೊಡ್ಡದು ಮಾಡುವ ಹೊತ್ತಿಗೆ ಅಲ್ಲಿನ ನರ್ಸು ಕೂಸನ್ನು ಒರೆಸಿ, ತಲೆ ಸರಿ ಮಾಡಿ, ಮುಸುಕು ಒತ್ತಿ, ಚೀಲ ಹಿಚುಕತೊಡಗಿದ್ದಳು. ಒಂದು, ಎರಡು, ಮೂರು. ಹತ್ತನೆಯದಕ್ಕೋ ಹನ್ನೆರಡನೆಯದಕ್ಕೋ ಕೂಸು ಮುಖ ಕಿವುಚಿ ಅರಚಿತು. ಹುಟ್ಟಿ ಐವತ್ತು ಸೆಕೆಂಡು ಆಗಿತ್ತು. ನರ್ಸು ಕ್ಯಾಮೆರಾದ ಕಡೆ ಮುಖವೆತ್ತಿ ನಕ್ಕು ಕೈಬೀಸಿದಳು. ನಿಯಂತ್ರಣ ಕೊಠಡಿಯ ಉಳಿದವರು ಚಪ್ಪಾಳೆ ತಟ್ಟಿದರು.

ನೀಲಾಂಬಿಕಾ ಎದ್ದು ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಅತ್ತಳು. ಐವತ್ತು ಸೆಕೆಂಡಿನ ಕೆಲಸ. ಅದಕ್ಕೆ ಎಸ್ತೇರ್ ತನ್ನ ಬಾಯಲ್ಲಿ ಹನ್ನೊಂದು ನಿಮಿಷ ಉಸಿರು ಹೊತ್ತಿದ್ದಳು.

ಮರುದಿನ ಅವಳು ರಜೆ ಹಾಕಿ ಬೆಣಚಗಡ್ಡಿಗೆ ಹೋದಳು. ಮಾಳಮ್ಮನ ಮನೆ ಹೊಳೆಯ ಕಡೆಯ ಕೊನೆಯ ಓಣಿಯಲ್ಲಿತ್ತು. ಗಂಡ ಮರಳಿನ ಲಾರಿಗೆ ಹೋಗಿದ್ದ. ದೊಡ್ಡ ಮಗ ಅಂಗನವಾಡಿಗೆ. ಎಂಟು ತಿಂಗಳ ಕೂಸನ್ನು ಮಾಳಮ್ಮ ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ಗಂಜಿ ಕುಡಿಸುತ್ತಿದ್ದಳು. ಕುತ್ತಿಗೆ ನಿಂತಿರಲಿಲ್ಲ. ಒಂದೊಂದು ಚಮಚ ಒಳಗಿಳಿಯಲು ತುಂಬ ಹೊತ್ತು ಹಿಡಿಯುತ್ತಿತ್ತು. ಎಡಗೈ ಬಿಗಿದು ಎದೆಗೆ ಅಂಟಿಕೊಂಡಿತ್ತು. ಹೆಸರು ಮಲ್ಲವ್ವ ಎಂದಿಟ್ಟಿದ್ದರು.

"ಆಸ್ಪತ್ರಿಯಿಂದ ಬಂದೀನವ್ವಾ" ಎಂದು ನೀಲಾಂಬಿಕಾ ಹೊಸ್ತಿಲ ಒಳಗೆ ಕೂತಳು. ತಾನು ಯಾರೆಂದು ಹೇಳಲಿಲ್ಲ.

ಮಾಳಮ್ಮ ಚಮಚ ಕೆಳಗಿಟ್ಟಳು. "ನಿಮ್ಮನ್ನ ಒಂದು ಮಾತು ಕೇಳಬೇಕ್ರೀ. ನಮ್ಮ ಎಸ್ತೇರ್ ಬಾಯಿನ್ನ ಯಾಕ ತಗದ್ರಿ?"

ಕೂಸಿನ ಬಾಯಿ ಒರೆಸುತ್ತಾ ಮಾಳಮ್ಮನೇ ಮುಂದುವರಿಸಿದಳು. "ತನ್ನ ಉಸಿರು ಹಾಕಿ ನನ್ನ ಕೂಸಿನ್ನ ಉಳಿಸ್ಯಾಳ್ರಿ ಆಕಿ. ನಾ ಕಣ್ಣಾರೆ ನೋಡೀನಿ. ತುಟಿ ಒಡದು ರಕ್ತ ಬಂದಿತ್ತು, ಬಿಡಲಿಲ್ಲ. ವಿಚಾರಣಿಗಂತ ಕಾಗದ ಹಿಡಕೊಂಡು ಬಂದಿದ್ದ ಸಾಹೇಬರಿಗೂ ಇದನ್ನ ಹೇಳೀನಿ. ಅವ್ರು ಬರಕೊಳ್ಳಲಿಲ್ಲ. ನನ್ನ ತಕರಾರು ಆಕಿ ಮ್ಯಾಲೆ ಐತಿ ಅಂತ ಯಾರು ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲವ್ವಾ."

"ಮತ್ತ? ಪಾಪ, ಕೆಲಸ ಹೋದ್ರೂ ತಿಂಗಳಿಗೊಮ್ಮೆ ಬಂದು ಹೋಗ್ತಾಳ. ಎರಡು ಬಸ್ಸು ಬದಲಿ ಮಾಡಿ ಬರ್ತಾಳ. ಕೈಕಾಲು ಹೆಂಗ ತಿಕ್ಕಬೇಕು, ಹೆಂಗ ಉಣಿಸಬೇಕು ಎಲ್ಲಾ ಆಕಿನ ಕಲಿಸ್ಯಾಳ. ಆಸ್ಪತ್ರಿಯಿಂದ ಅಂತ ಕೂಸಿನ್ನ ನೋಡ್ಲಿಕ್ಕ ಇಷ್ಟು ದಿನದಾಗ ಬಂದವ್ರು ನೀವ ಮೊದಲು."

ನೀಲಾಂಬಿಕಾ ಕೂಸನ್ನು ತನ್ನ ತೊಡೆಗೆ ತೆಗೆದುಕೊಂಡಳು. ಅದು ಹಗುರವಾಗಿತ್ತು. ಅವಳ ಕೈ ತಾನಾಗಿಯೇ ಆ ತಲೆಯ ಕೆಳಗೆ ಹೋಗಿ ಸರಿಯಾದ ಕೋನದಲ್ಲಿ ಆನಿಸಿ ಹಿಡಿಯಿತು. ಮಲ್ಲವ್ವ ಎಲ್ಲಿಗೋ ನೋಡುತ್ತಿದ್ದಳು. ನೀಲಾಂಬಿಕಾ ಅಲ್ಲೇ, ಆ ನೆಲದ ಮೇಲೆ ಕೂತಲ್ಲೇ, ಮಾಳಮ್ಮನಿಗೆ ಎಲ್ಲ ಹೇಳಿದಳು. ಚೀಲ ಏಕೆ ಇರಲಿಲ್ಲ, ಒಯ್ಯಲು ಬರೆದವರು ಯಾರು, ವಿಚಾರಣೆಯಲ್ಲಿ ತಾನು ಹೇಳದೆ ಬಿಟ್ಟದ್ದು ಏನು. ಮಾಳಮ್ಮ ಕೊನೆಯವರೆಗೂ ಕೇಳಿದಳು. ಆಮೇಲೆ ಕೈ ಚಾಚಿ ಕೂಸನ್ನು ವಾಪಸ್ ತೆಗೆದುಕೊಂಡಳು.

"ಈಗ ನೀವು ಹೋಗ್ರಿ" ಎಂದಳು. ಜೋರಾಗಿ ಏನೂ ಅಲ್ಲ.

ನೀಲಾಂಬಿಕಾ ಮಾರನೆಯ ದಿನವೇ ಬರೆದಳು. ನಾಲ್ಕು ಪುಟದ ಪತ್ರ, ಜೊತೆಗೆ ತನ್ನ ಸಹಿಯಿದ್ದ ಪ್ರಸ್ತಾವದ ಪ್ರತಿ. ಅದನ್ನು ವಿಚಾರಣಾ ಸಮಿತಿಗೂ, ಅವರ ಮೇಲಿನವರಿಗೂ ಕಳಿಸಿದಳು. ಕಳಿಸುವ ಮುಂಚೆ ಡಾಕ್ಟರ್ ಶ್ರೀವತ್ಸರಿಗೆ ತೋರಿಸಿದಳು. ಅವರು ಓದಿ, "ಯೋಜನೆ ಮುಗಿದ ಹಾಗೇ" ಎಂದರು. ತಡೆಯಲಿಲ್ಲ.

ಯೋಜನೆ ಮುಗಿಯಲಿಲ್ಲ. ಪತ್ರಿಕೆಗಳು ಎರಡು ದಿನ ಬರೆದವು, ಮೂರನೆಯ ದಿನ ಬೇರೆ ಸುದ್ದಿ ಬಂತು. ಒಬ್ಬ ತಾಯಿಯೂ ಪಟ್ಟಿ ಬೇಡವೆನ್ನಲಿಲ್ಲ. ಸರ್ಕಾರ ಒಂದು ಸುತ್ತೋಲೆ ಹೊರಡಿಸಿತು. ದೀಪ ಯಾವ ಬಣ್ಣದ್ದಿದ್ದರೂ ಆಂಬು ಬ್ಯಾಗ್ ಮಂಚದ ಪಕ್ಕದಲ್ಲಿರಬೇಕು, ತಿಂಗಳ ತರಬೇತಿ ತಪ್ಪಬಾರದು ಎಂದು ಅದರಲ್ಲಿತ್ತು. ಅಷ್ಟೇ. ತಾನು ಬಾಯಿ ಮುಚ್ಚಿಕೊಂಡು ನೂರಾರು ಕೂಸುಗಳನ್ನು ಕಾಯುತ್ತಿದ್ದೇನೆ ಎಂದು ಅವಳು ಎಂಟು ತಿಂಗಳು ತನಗೆ ತಾನೇ ಹೇಳಿಕೊಂಡಿದ್ದಳು. ಕಾಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅವಳ ಬಡ್ತಿ ಹಿಂತೆಗೆದು ಅವಳನ್ನು ಮೊದಲಿನಂತೆ ಹೆರಿಗೆ ಕೋಣೆಯ ನರ್ಸಾಗಿ ಹಾಕಿದರು. ಅದು ಅವಳಿಗೆ ಶಿಕ್ಷೆಯೆನ್ನಿಸಲಿಲ್ಲ. ಎಸ್ತೇರಳ ಮೇಲಿನ ವರದಿ ರದ್ದಾಯಿತು. ಮತ್ತೆ ಕೆಲಸಕ್ಕೆ ಸೇರಿಸಿಕೊಳ್ಳುವ ಆದೇಶ ಹೊರಟಿತು.

ಆದೇಶ ಹೋಗಿ ತಿಂಗಳಾದರೂ ಎಸ್ತೇರ್ ಬರಲಿಲ್ಲ. ನೀಲಾಂಬಿಕಾ ವಿಳಾಸ ಹುಡುಕಿಕೊಂಡು ಅವಳ ಊರಿಗೆ ಹೋದಳು. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ಎಸ್ತೇರ್ ಗುಳಿಗೆಯ ಪಟ್ಟಿ ಕತ್ತರಿಸಿ ಕವರಿಗೆ ಹಾಕುತ್ತಿದ್ದಳು. ಸ್ವಲ್ಪ ಸೊರಗಿದ್ದಳು. ನೋಡಿದ ಕೂಡಲೇ ಗುರುತು ಹಿಡಿದು, "ಬರ್ರಿ ಮೇಡಂ, ಕೂಡ್ರಿ" ಎಂದು ಸ್ಟೂಲು ಸರಿಸಿದಳು. ನೀರು ತಂದುಕೊಟ್ಟಳು.

"ಆದೇಶ ಮುಟ್ಟಿತೇನು?"

"ಮುಟ್ಟೇತ್ರಿ."

"ಮತ್ತ ಯಾಕ ಬರಲಿಲ್ಲ?"

ಎಸ್ತೇರ್ ಕತ್ತರಿ ಬದಿಗಿಟ್ಟಳು. "ಆ ಹನ್ನೊಂದು ನಿಮಿಷ ನಿಮ್ಮ ದನಿ ನನ್ನ ಕಿವ್ಯಾಗಿತ್ತು ಮೇಡಂ. ನೀವು ಹೇಳಿದ್ದಕ್ಕ ನಂಗ ಕೈಕಾಲು ಆಡಿದ್ವು. ಇಲ್ಲಂದ್ರ ನಾ ಅಲ್ಲೇ ಕುಸಿದು ಕೂಡ್ತಿದ್ದೆ. ಅದಕ್ಕ ವಿಚಾರಣಿ ದಿನ ನಂಗ ಹೆದರಿಕಿನ ಇದ್ದಿಲ್ಲ. ನೀಲಮ್ಮ ಮೇಡಂ ಅದಾರಲ್ಲ ಅಂತ, ಮನ್ಯಾಗೂ ಹಂಗ ಹೇಳಿ ಬಂದಿದ್ದೆ."

ನೀಲಾಂಬಿಕಾ ತಲೆ ಎತ್ತಲಿಲ್ಲ. "ತಪ್ಪಾತು ಎಸ್ತೇರ್" ಎಂದಳು. ಅದನ್ನು ಹೇಳಲೆಂದೇ ಅಷ್ಟು ದೂರ ಬಂದಿದ್ದಳು. ಹೇಳಿದ ಮೇಲೆ ಅದು ಎಷ್ಟು ಸಣ್ಣ ಮಾತು ಎಂದು ಅವಳಿಗೇ ಗೊತ್ತಾಯಿತು.

"ಒಂದು ಖರೇ ಹೇಳ್ರಿ ಮೇಡಂ. ದಿನಾ ಇದನ್ನ ಯೋಚನಿ ಮಾಡ್ತೀನಿ." ಎಸ್ತೇರಳ ದನಿ ತಗ್ಗಿತು. "ಅವತ್ತು ನನ್ನ ಜಾಗಾದಾಗ ನೀವಿದ್ದಿದ್ರ, ನಿಮ್ಮ ಕೈ ಇದ್ದಿದ್ರ, ಮಲ್ಲವ್ವ ಸರಿಯಾಗಿರ್ತಿದ್ದಳೇನ್ರಿ?"

ಹದಿನೆಂಟು ವರ್ಷದ ಅನುಭವವನ್ನೆಲ್ಲ ಕಣ್ಣ ಮುಂದೆ ತಂದುಕೊಂಡು ನೀಲಾಂಬಿಕಾ ಈ ಪ್ರಶ್ನೆಗೆ ಉತ್ತರ ಕೊಟ್ಟಳು.

"ಚೀಲ ಇದ್ದಿದ್ರ, ನಿನ್ನ ಕೈಯಿಂದನ ಸರಿಯಾಗಿರ್ತಿದ್ದಳು."

ಎಸ್ತೇರಳ ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲಿಲ್ಲ. ಅಂಗಡಿಯ ಮುಂದೆ ಮುದುಕಿಯೊಬ್ಬಳು ಬಂದು ಚೀಟಿ ಚಾಚಿದಳು.

"ಇದನ್ನ ಅವತ್ತ ಹೇಳಬೇಕಿತ್ರೀ ಮೇಡಂ" ಎಂದು ಎಸ್ತೇರ್ ಆ ಚೀಟಿ ತೆಗೆದುಕೊಂಡು ಒಳಗಿನ ಕಪಾಟಿನ ಕಡೆ ಹೋದಳು.

ನೀಲಾಂಬಿಕಾ ಇನ್ನೂ ಕಾಲು ಗಂಟೆ ಅಲ್ಲಿ ಕೂತಿದ್ದಳು. ಗಿರಾಕಿಗಳು ಬರುತ್ತಲೇ ಇದ್ದರು. ಎಸ್ತೇರ್ ಒಬ್ಬೊಬ್ಬರಿಗೂ ಯಾವ ಗುಳಿಗೆ ಊಟದ ಮುಂಚೆ, ಯಾವುದು ಊಟದ ಮೇಲೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಓದು ಬಾರದವರಿಗೆ ಕವರಿನ ಮೇಲೆ ಸೂರ್ಯನನ್ನೋ ಚಂದ್ರನನ್ನೋ ಬರೆದು ಕೊಡುತ್ತಿದ್ದಳು. ಎಂಥ ನರ್ಸು ಇವಳು ಎಂದುಕೊಳ್ಳುತ್ತಾ ನೀಲಾಂಬಿಕಾ ಎದ್ದು, ರಸ್ತೆ ದಾಟಿ, ಬಸ್ಸಿನ ಹತ್ತಿರ ಹೋದಳು.